ಕೋಕೋ ಪೌಡರ್ ಕಪ್ಪಗಿದ್ದಷ್ಟೂ ಒಳ್ಳೇದಾ? ಡಬ್ಬಿ ತಿರುಗಿಸಿ ನೋಡಿ

ಸ್ಕ್ರೀನ್ ಮೇಲೆ: ಅಡುಗೆಮನೆ ಕಟ್ಟೆ. ಎರಡು ಬಿಳಿ ತಟ್ಟೆ, ಒಂದೊಂದರಲ್ಲಿ ಒಂದು ಚಮಚ ಕೋಕೋ ಪುಡಿ. ಹಂಚಿನ ಮೇಲೆ ಮಳೆ ಸದ್ದು.

ಈ ಎರಡು ತಟ್ಟೆ ನೋಡಿ. ಒಂದು ಇದ್ದಿಲು ಕುಟ್ಟಿ ಇಟ್ಟಂಗೆ ಕಪ್ಪಗಿದೆ, ಇನ್ನೊಂದು ಒಣಗಿದ ಕೆಮ್ಮಣ್ಣಿನ ಬಣ್ಣ. ಯಾವುದ್ರಲ್ಲಿ ಸತ್ವ ಜಾಸ್ತಿ ಹೇಳಿ? ಆರು ತಿಂಗಳ ಹಿಂದೆ ಕೇಳಿದ್ರೆ ನಾನು ಕಣ್ಮುಚ್ಕೊಂಡು ಕಪ್ಪನ್ನೇ ತೋರಿಸ್ತಿದ್ದೆ.

ಆಗಿದ್ದು ಇಷ್ಟೇ. ಅಮ್ಮಂಗೆ ಹಿಮೋಗ್ಲೋಬಿನ್ ಕಮ್ಮಿ ಬಂತು, ಫ್ಯಾಮಿಲಿ ಗ್ರೂಪಲ್ಲಿ ಯಾರೋ ಫಾರ್ವರ್ಡ್ ಹಾಕಿದ್ರು, ಕೋಕೋ ಪೌಡರಲ್ಲಿ ಪಾಲಕ್‌ಗಿಂತ ಐದು ಪಟ್ಟು ಐರನ್ ಇದೆ ಅಂತ, ನಾನು ಚಿಕ್ಕಮಗಳೂರು ಪೇಟೆಗೆ ಹೋಗಿ ಡಾರ್ಕ್ ಚಾಕಲೇಟ್ ಅಂತ ದಪ್ಪಕ್ಷರದಲ್ಲಿ ಬರ್ದಿದ್ದ ಡಬ್ಬಿ ತಂದೆ, ಹದಿನೈದು ದಿನ ರಾತ್ರಿ ಹಾಲಿಗೆ ಹಾಕಿ ಕುಡಿಸಿದೆ. ಆಮೇಲೊಂದಿನ ಡಬ್ಬಿ ಹಿಂದೆ ಓದಿದ್ರೆ ಮೊದಲನೇ ಪದಾರ್ಥವೇ ಸಕ್ಕರೆ! ನಮ್ಮಲ್ಲಿ ಲೇಬಲ್ ಮೇಲೆ ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೀಬೇಕು. ಅಂದ್ರೆ ನಾನು ಅಮ್ಮಂಗೆ ಕುಡಿಸ್ತಿದ್ದಿದ್ದು ಸಕ್ಕರೆ ಹಾಲು, ಮೇಲೊಂಚೂರು ಬಣ್ಣ.

ಆ ಫಾರ್ವರ್ಡ್ ಸುಳ್ಳಾ ಅಂದ್ರೆ, ಸುಳ್ಳಲ್ಲ, ಅದೇ ಮಜಾ. ಸಕ್ಕರೆ ಹಾಕದ ಶುದ್ಧ ಕೋಕೋ 100 ಗ್ರಾಂಗೆ ಸುಮಾರು 13.9 ಮಿಲಿಗ್ರಾಂ ಐರನ್, ಪಾಲಕ್‌ನಲ್ಲಿ 2.7. ಪ್ರೋಟೀನ್ 19 ಗ್ರಾಂ ಮೇಲೆ, ಮೆಗ್ನೀಷಿಯಂ 500 ಮಿಲಿಗ್ರಾಂ ಹತ್ರ, ಮೂರರಲ್ಲೊಂದು ಭಾಗ ಬರೀ ನಾರು. ಆದ್ರೆ ಮಾರಾಯ್ರೆ, 100 ಗ್ರಾಂ ಕೋಕೋ ಯಾರು ತಿಂತಾರೆ? ಪಾಲಕ್ ಆದ್ರೆ ಒಂದು ಕಟ್ಟು ಸಾರಿಗೆ ಹೋಗುತ್ತೆ.

ಸ್ಕ್ರೀನ್ ಮೇಲೆ: ಚಮಚದಲ್ಲಿರೋ ಪುಡಿ ತಕ್ಕಡಿ ಮೇಲೆ. ಮುಳ್ಳು 5 ಗ್ರಾಂ ಹತ್ರ.

ಒಂದು ಚಮಚ ಇಷ್ಟೇ, 5 ಗ್ರಾಂ. ಇದ್ರಲ್ಲಿ ಐರನ್ 0.7 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, 2020ರ ಲೆಕ್ಕದಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು, ಲೆಕ್ಕ ನೀವೇ ಹಾಕ್ಕೊಳ್ಳಿ. ಅದೂ ಪೂರ್ತಿ ಮೈಗೆ ಹತ್ತಲ್ಲ, ಕೋಕೋಗೆ ಒಗರು ಕೊಡೋ ಪಾಲಿಫಿನಾಲ್‌ಗಳೇ ಐರನ್ ಹೀರ್ಕೊಳ್ಳೋಕೆ ಅಡ್ಡ ಬರ್ತವೆ, ನಮ್ ಕಾಫಿ ಟೀ ಮಾಡೋ ಕೆಲಸಾನೇ. ಹಾಗಾಗಿ ಐರನ್ ಮಾತ್ರೆ ಜೊತೆ, ಊಟದ ಜೊತೆ ಇದನ್ನ ಕುಡೀಬೇಡಿ. ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು ಕೋಕೋ ಅಂತೂ ಬೇಡವೇ ಬೇಡ.

ಹಂಗಾದ್ರೆ ಕೋಕೋ ದಂಡನಾ? ಇಲ್ಲ. ಒಂದು ಚಮಚಕ್ಕೆ ಬರೀ 12 ಕ್ಯಾಲರಿ, ಅಷ್ಟರಲ್ಲೇ ಒಂದೂವರೆ ಗ್ರಾಂ ಮೇಲೆ ನಾರು, 25 ಮಿಲಿಗ್ರಾಂ ಮೆಗ್ನೀಷಿಯಂ, ಕೆಫೀನ್ ಸುಮಾರು 12 ಮಿಲಿಗ್ರಾಂ, ಫಿಲ್ಟರ್ ಕಾಫಿ ಮುಂದೆ ಏನೂ ಅಲ್ಲ. ಅಸಲಿ ವಿಷಯ ಕೋಕೋದಲ್ಲಿರೋ ಫ್ಲೇವನಾಲ್ ಅನ್ನೋ ಅಂಶ, ರಕ್ತನಾಳ ಸಡಿಲವಾಗಿ ಹಿಗ್ಗೋಕೆ ಸಹಾಯ ಮಾಡೋದು. ದಿನಕ್ಕೆ 200 ಮಿಲಿಗ್ರಾಂ ಬೇಕು ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲೇ ಒಪ್ಪಿದೆ. ಹಾರ್ಟ್ ಅಟ್ಯಾಕೇ ಬರಲ್ಲ ಅನ್ನೋರನ್ನ ಮಾತ್ರ ನಂಬಬೇಡಿ, ಅಮೆರಿಕದಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ಕೋಕೋ ಫ್ಲೇವನಾಲ್ ಕೊಟ್ಟು ನೋಡಿದ ಕಾಸ್ಮಾಸ್ ಅನ್ನೋ ಟ್ರಯಲ್ ಫಲಿತಾಂಶ 2022ರಲ್ಲಿ ಬಂತು, ಒಟ್ಟು ಹೃದಯದ ತೊಂದರೆ ಅಂಥಾ ಕಮ್ಮಿ ಆಗಲಿಲ್ಲ.

ಈಗ ತಟ್ಟೆಗೆ ಬರೋಣ. ಕೊಪ್ಪದ ಕಡೆ ನಮ್ ಮಾವನ ಅಡಿಕೆ ತೋಟದಲ್ಲಿ ನಾಲ್ಕೈದು ಕೋಕೋ ಗಿಡ ಇದೆ, ಕಾಯಿ ಕಾಂಡಕ್ಕೇ ಅಂಟ್ಕೊಂಡಿರುತ್ತೆ, ಹಣ್ಣಾದ್ರೆ ಮಂಗ ಅಳಿಲು ಬಿಟ್ಟಿದ್ದು ನಮಗೆ. ಒಡೆದ್ರೆ ಬಿಳೀ ಲೋಳೆ, ಹುಳಿ ಸಿಹಿ, ಚೀಪಿ ಬೀಜ ಉಗಿಯೋದು. ಆ ಬೀಜನ ಐದಾರು ದಿನ ಬಾಳೆಲೆ ಮುಚ್ಚಿ ಹುದುಗಿಸಿ, ಒಣಗಿಸಿ, ಹುರಿದು, ಅರೆದು, ಅದರ ಕೊಬ್ಬು, ಅಂದ್ರೆ ಕೋಕೋ ಬೆಣ್ಣೆ, ಬಹುಪಾಲು ಹಿಂಡಿ ತೆಗೆದ್ರೆ ಉಳಿಯೋ ಹಿಂಡಿಯ ಪುಡೀನೇ ಕೋಕೋ ಪೌಡರ್. ಅದರ ಸಹಜ ಬಣ್ಣ ಈ ಕೆಮ್ಮಣ್ಣು. ಆ ಕಪ್ಪು ಇದೆಯಲ್ಲ, ಅದು ಕ್ಷಾರ ಹಾಕಿ ಬರಿಸಿದ್ದು, ಹುಳಿ ಒಗರು ಹೋಗ್ಲಿ ಅಂತ. ಹಾಲೆಂಡಿನವರ ಪದ್ಧತಿ, ಅದಕ್ಕೇ ಡಚ್ ಪ್ರೋಸೆಸ್ ಅನ್ನೋದು. ರುಚಿ ನಿಜವಾಗ್ಲೂ ಮೆತ್ತಗಾಗುತ್ತೆ, ಆದ್ರೆ ಫ್ಲೇವನಾಲ್ ಕೊಚ್ಕೊಂಡು ಹೋಗುತ್ತೆ. 2008ರಲ್ಲಿ ಅಳೆದು ನೋಡಿದಾಗ ಸಹಜ ಪುಡಿಯಲ್ಲಿ ಗ್ರಾಂಗೆ ಸರಾಸರಿ 34 ಮಿಲಿಗ್ರಾಂ ಮೇಲೆ ಇದ್ದಿದ್ದು, ಜೋರಾಗಿ ಕ್ಷಾರ ಹಾಕಿದ್ರಲ್ಲಿ 4ಕ್ಕೂ ಕಮ್ಮಿ.

ಸ್ಕ್ರೀನ್ ಮೇಲೆ: ಡಬ್ಬಿ ಹಿಂಭಾಗದ ಸಣ್ಣಕ್ಷರಗಳ ಮೇಲೆ ಬೆರಳು.

ಲೇಬಲಲ್ಲಿ ಅಸಿಡಿಟಿ ರೆಗ್ಯುಲೇಟರ್ ಅಂತಿದ್ದು ಪಕ್ಕದಲ್ಲಿ 501 ಇದ್ರೆ ಅದು ಪೊಟ್ಯಾಸಿಯಂ ಕಾರ್ಬೊನೇಟ್, ಅಂದ್ರೆ ಕ್ಷಾರ ಹಾಕಿದೆ. ಪದಾರ್ಥದ ಪಟ್ಟಿಯಲ್ಲಿ ಕೋಕೋ ಅಂತ ಒಂದೇ ಒಂದು ಪದ ಇದ್ರೆ ತಗೊಳ್ಳಿ. ಕೇಕಿಗೆ ಬಣ್ಣ ಬೇಕಾ, ಆಗ ಕಪ್ಪನ್ನೇ ಹಾಕಿ, ಯಾರೂ ಬೇಡ ಅನ್ನಲ್ಲ. ಕಿಡ್ನಿ ಸ್ಟೋನ್ ಆಗಿರೋರು ಮಾತ್ರ ಎರಡರಿಂದ್ಲೂ ದೂರ ಇದ್ರೆ ವಾಸಿ, ಕಲ್ಲು ಕಟ್ಟಿಸೋ ಆಕ್ಸಲೇಟ್ ಇದ್ರಲ್ಲಿ ಜಾಸ್ತಿ.

ಇನ್ನು ಮಾಡೋದು. ಬಿಸಿ ಹಾಲಿಗೆ ಹಂಗೇ ಸುರಿದ್ರೆ ಮೇಲೆ ತೇಲಿ ಗಂಟು ಕಟ್ಟುತ್ತೆ, ಅದ್ರಲ್ಲಿ ಉಳಿದಿರೋ ಕೋಕೋ ಬೆಣ್ಣೆ ನೀರನ್ನ ದೂರ ತಳ್ಳುತ್ತೆ. ಮೊದ್ಲು ಎರಡು ಚಮಚ ಬಿಸಿನೀರು, ಚಿಟಿಕೆ ಬೆಲ್ಲ ಹಾಕಿ ಹಿಂಗೆ ಲೋಟದ ಗೋಡೆಗೆ ಒತ್ತಿ ಒತ್ತಿ ತಿಕ್ಕಿ, ಕಪ್ಪು ಹೊಳಪು ಬಂದ್ಮೇಲೆ ಹಾಲು ಹೊಯ್ಯಿರಿ. ತಳ ಕೆರೆದಿದ್ದನ್ನ ನಾಯಿಗೆ ಹಾಕೋ ಅಭ್ಯಾಸ ಇದ್ರೆ ಬಿಡಿ, ಕೋಕೋದಲ್ಲಿರೋ ಥಿಯೋಬ್ರೊಮಿನ್ ಅನ್ನೋ ವಸ್ತು ನಾಯಿಗೆ ಬೇಗ ಕರಗಲ್ಲ, ಅದಕ್ಕೆ ವಿಷ. ನಮ್ ಕರಿಯ ಬಾಗಿಲ ಹತ್ರ ಬಾಲ ಅಲ್ಲಾಡಿಸ್ತಾ ಕೂತಿದಾನೆ, ಅವನಿಗೆ ಬಿಸ್ಕೆಟ್ ಕೊಟ್ಟು ಕಳಿಸ್ತೀನಿ.

ಅಮ್ಮ ಒಂದು ಗುಟುಕು ಕುಡಿದು, "ಕಷಾಯ ಇದು, ಹೋಗಿ ಕಾಫಿ ಮಾಡು" ಅಂದ್ರು.