ಹೌದು ಅನ್ನುವುದು ಸುಲಭ

ಎಲ್ಲರಿಗೂ ನಮಸ್ಕಾರ.

ಹೆಣ್ಣಿಗೂ ಗಂಡಿಗೂ ಸಮಾನ ಹಕ್ಕು ಬೇಕಾ ಅಂತ ಯಾರನ್ನಾದರೂ ಕೇಳಿ. ಬೇಡ ಅನ್ನುವವರು ಸಿಗುವುದೇ ಕಷ್ಟ. 2019ರಲ್ಲಿ ಪ್ಯೂ ಸಂಶೋಧನಾ ಕೇಂದ್ರದವರು 34 ದೇಶಗಳಲ್ಲಿ ಇದನ್ನು ಕೇಳಿದರು. ಆ ದೇಶಗಳನ್ನು ಸಾಲಾಗಿ ನಿಲ್ಲಿಸಿ ನಡುವಿನ ಅಂಕಿ ತೆಗೆದರೆ, 100ಕ್ಕೆ 94 ಜನ ‘ಹೌದು, ಅದು ಮುಖ್ಯ’ ಅಂದಿದ್ದರು. ಇಷ್ಟಕ್ಕೇ ಮುಗಿದಿದ್ದರೆ ನಾನು ಇಲ್ಲಿ ಬಂದು ಮಾತಾಡುವ ಅಗತ್ಯವೇ ಇರಲಿಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಕೆಲಸಗಳಿಗೆ ಬರ ಬಂದಾಗ ಗಂಡಸರಿಗೆ ಮೊದಲ ಹಕ್ಕು ಇರಬೇಕಾ? ಇದಕ್ಕೂ 40 ಜನ ಹೌದು ಅಂದರು. ಅಂದರೆ ಎರಡಕ್ಕೂ ತಲೆಯಾಡಿಸಿದವರು ಬೇಕಾದಷ್ಟಿದ್ದಾರೆ ಅಂತಾಯಿತು, ಅಲ್ವಾ?

ಅವರೆಲ್ಲ ಸುಳ್ಳು ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ಮೊದಲ ಪ್ರಶ್ನೆಗೆ ಹೌದು ಅಂದರೆ ಕೈಯಿಂದ ಏನೂ ಹೋಗುವುದಿಲ್ಲ. ಎರಡನೆಯದರಲ್ಲಿ ಹೋಗುತ್ತದೆ. ಹಾಗಾಗಿ ದೇಶ ದೇಶಗಳನ್ನು ಹೋಲಿಸುವಾಗ ನಾನು ನೋಡುವುದು ಈ ಎರಡನೇ ಜಾತಿಯ ಪ್ರಶ್ನೆಗಳನ್ನೇ. ಸ್ವೀಡನ್ನಿನಲ್ಲಿ ಗಂಡಸರಿಗೇ ಮೊದಲ ಹಕ್ಕು ಅಂದವರು 100ಕ್ಕೆ 10 ಜನವೂ ಇರಲಿಲ್ಲ. ಭಾರತದಲ್ಲಿ 2019-20ರಲ್ಲಿ ಪ್ಯೂನವರು ಸುಮಾರು 30,000 ಜನರನ್ನು ಮಾತಾಡಿಸಿದಾಗ 100ಕ್ಕೆ 80 ಜನ ಹಾಗಂದರು. ತಮಾಷೆ ಏನೆಂದರೆ, ರಾಜಕೀಯ ನಾಯಕತ್ವದಲ್ಲಿ ಹೆಂಗಸರೂ ಗಂಡಸರೂ ಸರಿಸಮ ಅಂದವರು ಅದೇ ಭಾರತದಲ್ಲಿ 55 ಜನ. ದೇಶದ ಚುಕ್ಕಾಣಿ ಕೊಡಲು ಒಪ್ಪುವ ಮನಸ್ಸು ಆಫೀಸಿನ ಒಂದು ಕುರ್ಚಿ ಕೊಡಲು ಹಿಂದೆ ಮುಂದೆ ನೋಡುತ್ತದೆ!

ಇದು ಬರೀ ಗಂಡಸರ ಕಥೆ ಅಂದುಕೊಳ್ಳಬೇಡಿ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2023ರಲ್ಲಿ 80 ದೇಶಗಳ ಲೆಕ್ಕ ಕೊಟ್ಟಿತು. ಹೆಣ್ಣಿನ ಬಗ್ಗೆ ಒಂದಾದರೂ ಪೂರ್ವಗ್ರಹ ಇಟ್ಟುಕೊಂಡವರು 10ರಲ್ಲಿ ಹತ್ತಿರ ಹತ್ತಿರ 9 ಜನ. ಆ ಲೆಕ್ಕದಲ್ಲಿ ಹೆಂಗಸರೂ ಇದ್ದಾರೆ.

ಈಗ ತಲೆಮಾರಿನ ವಿಷಯಕ್ಕೆ ಬರೋಣ. ‘ಹಳಬರು ಹೋಗಲಿ, ಹೊಸಬರು ಬರಲಿ, ಎಲ್ಲ ತಾನಾಗಿಯೇ ಸರಿಹೋಗುತ್ತದೆ’ ಅನ್ನುವುದು ನಾವೆಲ್ಲ ಇಟ್ಟುಕೊಂಡಿರುವ ನಂಬಿಕೆ. ಅದಕ್ಕೆ ಆಧಾರವೂ ಇದೆ. ಅರ್ಹ ಮಹಿಳೆ ಅಧ್ಯಕ್ಷ ಸ್ಥಾನಕ್ಕೆ ನಿಂತರೆ ವೋಟು ಹಾಕ್ತೀರಾ ಅಂತ ಅಮೆರಿಕದಲ್ಲಿ ಗ್ಯಾಲಪ್ ಸಮೀಕ್ಷಾ ಸಂಸ್ಥೆಯವರು 1937ರಲ್ಲಿ ಕೇಳಿದಾಗ ಹೌದು ಅಂದವರು 100ಕ್ಕೆ 33 ಜನ. 2019ಕ್ಕೆ ಅದು 94 ಆಯಿತು. ಮಹಿಳಾ ಅಧ್ಯಕ್ಷರು ಮಾತ್ರ ಇನ್ನೂ ಬಂದಿಲ್ಲ, ಅದು ಬೇರೆ ಮಾತು.

ಆದರೆ ಇತ್ತೀಚೆಗೆ ಈ ನಂಬಿಕೆ ಅಲುಗಾಡುತ್ತಿದೆ. ಇಪ್ಸೋಸ್ ಸಂಸ್ಥೆಯೂ ಲಂಡನ್ನಿನ ಕಿಂಗ್ಸ್ ಕಾಲೇಜೂ ಸೇರಿ ವರ್ಷವರ್ಷ ಸಮೀಕ್ಷೆ ಮಾಡುತ್ತವೆ. ‘ಹೆಂಗಸರ ಸಮಾನತೆ ಅಂತ ಹೋಗಿ ಹೋಗಿ, ಈಗ ಗಂಡಸರಿಗೇ ಅನ್ಯಾಯ ಆಗ್ತಿದೆ’ ಅನ್ನುವ ಮಾತನ್ನು 2025ರಲ್ಲಿ ಹೊಸ ತಲೆಮಾರಿನ ಹುಡುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಒಪ್ಪಿದರು. ಅವರ ಅಜ್ಜಂದಿರ ವಯಸ್ಸಿನವರಲ್ಲಿ ಅಷ್ಟು ಮಂದಿ ಒಪ್ಪಲಿಲ್ಲ. ಅದೇ ವಯಸ್ಸಿನ ಹುಡುಗಿಯರಲ್ಲಿ ಒಪ್ಪಿದವರು ಮೂರನೇ ಒಂದು ಭಾಗದ ಆಸುಪಾಸು. ದಕ್ಷಿಣ ಕೊರಿಯಾದಲ್ಲಿ ಈ ಬಿರುಕು ಮತಪೆಟ್ಟಿಗೆಯವರೆಗೂ ಹೋಯಿತು. 2022ರ ಅಧ್ಯಕ್ಷೀಯ ಚುನಾವಣೆಯಲ್ಲಿ ಇಪ್ಪತ್ತರ ಹರೆಯದ ಹುಡುಗರು ಹೆಚ್ಚಾಗಿ ಒಬ್ಬ ಅಭ್ಯರ್ಥಿಗೆ, ಹುಡುಗಿಯರು ಇನ್ನೊಬ್ಬರಿಗೆ ವೋಟು ಹಾಕಿದರು ಅಂತ ಮತಗಟ್ಟೆ ಸಮೀಕ್ಷೆಗಳು ಹೇಳಿದವು. ಕಡ್ಡಾಯ ಸೈನ್ಯ ಸೇವೆ ಗಂಡಸರಿಗೆ ಮಾತ್ರ ಯಾಕೆ ಅನ್ನುವುದು ಅಲ್ಲಿನ ಹುಡುಗರ ಹಳೇ ಸಿಟ್ಟು.

ಹುಡುಗರನ್ನು ಬೈದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಎಪ್ಪತ್ತರ ಯಜಮಾನರು ಸಮಾನತೆಗೆ ಜೈ ಅನ್ನುವಾಗ ಅವರು ಯಾವ ಇಂಟರ್‌ವ್ಯೂಗೂ ಹೋಗಬೇಕಾಗಿಲ್ಲ. ಇಪ್ಪತ್ತೆರಡರ ಹುಡುಗ ಹೋಗಬೇಕು. ಅವನ ಪಕ್ಕದ ಕುರ್ಚಿಯಲ್ಲಿ ಅವನಿಗಿಂತ ಜಾಸ್ತಿ ಮಾರ್ಕ್ಸ್ ತೆಗೆದ ಹುಡುಗಿ ಕೂತಿರುತ್ತಾಳೆ. ‘ಕೆಲಸಕ್ಕೆ ಬರ’ ಅನ್ನುವುದು ಯಜಮಾನರಿಗೆ ಸುಮ್ನೆ ಒಂದು ಪ್ರಶ್ನೆ. ಹುಡುಗನಿಗೆ ಅದು ಈ ವಾರದ ಪಾಡು. ಅವನ ಉತ್ತರವನ್ನು ನಾನು ಒಪ್ಪುವುದಿಲ್ಲ. ಅದು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಾಗುತ್ತದೆ, ಅಷ್ಟೆ.

ಹಾಗಾದರೆ ಮನಸ್ಸು ಬದಲಾಗುವುದು ಹೇಗೆ? ಎಷ್ಟೋ ಸಲ ತಲೆಮಾರು ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಸ್ವಿಟ್ಜರ್ಲೆಂಡನ್ನೇ ನೋಡಿ. ಹೆಂಗಸರಿಗೆ ವೋಟು ಕೊಡಬೇಕಾ ಅಂತ ಅಲ್ಲಿ ಗಂಡಸರೇ ವೋಟು ಹಾಕಿ ತೀರ್ಮಾನ ಮಾಡಬೇಕಿತ್ತು. 1959ರಲ್ಲಿ ಸುಮಾರು 67 ಪರ್ಸೆಂಟ್ ಬೇಡ ಅಂದರು. 1971ರಲ್ಲಿ ಸುಮಾರು 66 ಪರ್ಸೆಂಟ್ ಬೇಕು ಅಂದರು. ನಡುವೆ ಇದ್ದದ್ದು 12 ವರ್ಷ. ಬಹುಪಾಲು ಅವರೇ ಗಂಡಸರು, ಅದೇ ಊರುಗಳು.

ನನಗೆ ತುಂಬಾ ಹಿಡಿಸಿದ್ದು ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ನಡೆದ ಒಂದು ಅಧ್ಯಯನ. ಆಗ ಅಲ್ಲಿನ ಪಂಚಾಯತಿಗಳಲ್ಲಿ ಮೂರನೇ ಒಂದು ಭಾಗ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು, ಅದೂ ಸರದಿಯ ಮೇಲೆ. ಸಂಶೋಧಕರು ಒಬ್ಬ ಪಂಚಾಯತಿ ಮುಖ್ಯಸ್ಥರ ಭಾಷಣವನ್ನು ರೆಕಾರ್ಡ್ ಮಾಡಿಸಿದರು. ಒಮ್ಮೆ ಗಂಡು ದನಿಯಲ್ಲಿ, ಒಮ್ಮೆ ಹೆಣ್ಣು ದನಿಯಲ್ಲಿ. ಮಾತು ಒಂದೇ. ಹೆಣ್ಣು ಅಧ್ಯಕ್ಷೆಯನ್ನೇ ನೋಡದ ಊರುಗಳಲ್ಲಿ ಹೆಣ್ಣು ದನಿ ಕೇಳಿದ ಗಂಡಸರು ‘ಈಕೆಗೆ ಸಾಮರ್ಥ್ಯ ಸಾಲದು’ ಅನ್ನುವ ಥರ ಅಂಕ ಕೊಟ್ಟರು. ಮೀಸಲಾತಿಯಿಂದ ಅಧ್ಯಕ್ಷೆ ಬಂದುಹೋದ ಊರುಗಳಲ್ಲಿ ಈ ತಾರತಮ್ಯ ಮಾಯವಾಗಿತ್ತು. ಆದರೆ ನಾಯಕಿ ನಿಮಗೆ ಇಷ್ಟವಾ ಅಂತ ಕೇಳಿದರೆ, ಅದೇ ಗಂಡಸರಿಗೆ ಆಗಲೂ ಗಂಡಸೇ ಇಷ್ಟ. ಸಾಮರ್ಥ್ಯ ಒಪ್ಪಿದರು, ಇಷ್ಟಪಡಲಿಲ್ಲ. ಇಷ್ಟಪಡುವವರೆಗೆ ಕಾದಿದ್ದರೆ ಅಲ್ಲಿ ಅಧ್ಯಕ್ಷೆಯರು ಬರುತ್ತಲೇ ಇರಲಿಲ್ಲ.

ಇನ್ನೊಂದು ಕಥೆ ಸೌದಿ ಅರೇಬಿಯಾದ ರಿಯಾದ್ ನಗರದ್ದು. ಮದುವೆಯಾದ ಸುಮಾರು 500 ಯುವಕರನ್ನು ಗುಂಪು ಗುಂಪಾಗಿ ಕೂರಿಸಿ, ಹೆಂಡತಿ ಹೊರಗೆ ಕೆಲಸಕ್ಕೆ ಹೋಗುವುದು ಸರಿಯಾ ಅಂತ ಗುಟ್ಟಾಗಿ ಕೇಳಿದರು. ಬಹುಪಾಲು ಮಂದಿ ಸರಿ ಅಂದರು. ಈ ಕೋಣೆಯಲ್ಲಿ ಉಳಿದವರಲ್ಲಿ ಎಷ್ಟು ಮಂದಿ ಸರಿ ಅಂದಿರಬಹುದು ಅಂತ ಕೇಳಿದಾಗ ಮಾತ್ರ ಹೆಚ್ಚಿನವರು ನಿಜಕ್ಕಿಂತ ಕಡಿಮೆ ಊಹೆ ಮಾಡಿದರು. ಎಷ್ಟೋ ಮಂದಿ ‘ನಾನು ಒಪ್ತೀನಿ, ಆದರೆ ಜನ ಏನಂತಾರೋ’ ಅಂತ ಕೂತಿದ್ದರು. ಆ ಜನ ಅಂದರೆ ಪಕ್ಕದಲ್ಲಿ ಕೂತವರೇ! ಆಮೇಲೆ ಅರ್ಧ ಮಂದಿಗೆ ನಿಜವಾದ ಲೆಕ್ಕ ತೋರಿಸಿದರು. ಕೊನೆಗೆ ಎಲ್ಲರಿಗೂ ಎರಡು ಆಯ್ಕೆ ಕೊಟ್ಟರು: ಒಂದು ಅಮೆಜಾನ್ ಗಿಫ್ಟ್ ಕಾರ್ಡ್ ತಗೊಳ್ಳಿ, ಇಲ್ಲವೇ ಕೆಲಸ ಹುಡುಕಿಕೊಡುವ ಆ್ಯಪ್‌ನಲ್ಲಿ ಹೆಂಡತಿಯ ಹೆಸರು ನೋಂದಾಯಿಸಿ. ಲೆಕ್ಕ ನೋಡಿದವರಲ್ಲಿ ನೋಂದಾಯಿಸಿದವರು ಸುಮಾರು ಮೂರನೇ ಒಂದು ಭಾಗ ಜಾಸ್ತಿ. ಕೆಲವು ತಿಂಗಳ ಮೇಲೆ ವಿಚಾರಿಸಿದರೆ ಅವರ ಹೆಂಡತಿಯರಲ್ಲಿ ಅರ್ಜಿ ಹಾಕಿದವರೂ ಇಂಟರ್‌ವ್ಯೂಗೆ ಹೋದವರೂ ಹೆಚ್ಚಾಗಿದ್ದರು.

ಕೆಲಸ ಸಿಕ್ಕವರ ಸಂಖ್ಯೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಂಡ ಒಪ್ಪಿದರೂ ಕೆಲಸ ಕೊಡುವವರು ಇನ್ನೊಬ್ಬರು. ಅವರಿಗೆ ಈ ಲೆಕ್ಕವನ್ನು ಯಾರೂ ತೋರಿಸಿರಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.