ಕೇಬಲ್ ಚುಚ್ಚೋ ಮೊದಲು ಪೋರ್ಟ್ ಶೀಟ್ ಬರೀರಿ

ಟೇಬಲ್ ಮೇಲೆ ಕಾಣ್ತಿರೋದು ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಮೆಷಿನ್ ಓಡಿಸೋ ಸಾಫ್ಟ್‌ವೇರ್) ಹಾಕಬೇಕಾದ ಸರ್ವರ್. ಹಿಂದುಗಡೆ ಎರಡು 10 ಗಿಗಾಬಿಟ್ ಪೋರ್ಟ್, ಪಕ್ಕದಲ್ಲಿ ಒಂಟಿಯಾಗಿ ಒಂದು ಮ್ಯಾನೇಜ್‌ಮೆಂಟ್ ಪೋರ್ಟ್. ಅದು ಬಿಎಂಸಿಗೆ, ಅಂದರೆ ಸರ್ವರನ್ನ ದೂರದಿಂದ ನಿಯಂತ್ರಿಸೋ ಸಣ್ಣ ಚಿಪ್‌ಗೆ. ರ‍್ಯಾಕ್‌ನಲ್ಲಿರೋದು ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್. ಎರಡನ್ನೂ ಜೋಡಿಸೋ ಡಿಎಸಿ (ತಾಮ್ರದ) ಕೇಬಲ್ ಸದ್ಯಕ್ಕೆ ಕವರ್‌ನಲ್ಲೇ ಇರಲಿ.

ಮೊದಲು ಶೀಟ್. ಒಂದು ಸಾಲಿಗೆ ಒಂದು ಕೇಬಲ್. ಸ್ವಿಚ್ ಪೋರ್ಟ್, ಸರ್ವರ್ ಪೋರ್ಟ್, ಅದರ ಮ್ಯಾಕ್ ಅಡ್ರೆಸ್, ಟ್ಯಾಗ್ ಇರೋ ವಿಲ್ಯಾನ್‌ಗಳು, ಟ್ಯಾಗ್ ಇಲ್ಲದ ವಿಲ್ಯಾನ್, ಎಂಟಿಯು. ವಿಲ್ಯಾನ್ ಅಂದರೆ ಒಂದೇ ಸ್ವಿಚ್ ಒಳಗೆ ಬೇರೆಬೇರೆ ಮಾಡಿದ ನೆಟ್‌ವರ್ಕ್, ಟ್ಯಾಗ್ ಅಂದರೆ ಫ್ರೇಮ್ (ಡೇಟಾ ತುಣುಕು) ಮೇಲೆ ಹಾಕೋ ಅದರ ನಂಬರ್, ಎಂಟಿಯು ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಇವತ್ತಿನ ವಿಲ್ಯಾನ್ ಲೆಕ್ಕ ಹೀಗಿದೆ: 10 ಮ್ಯಾನೇಜ್‌ಮೆಂಟ್, 20 ವರ್ಚುವಲ್ ಮೆಷಿನ್‌ಗಳಿಗೆ, 30 ಸ್ಟೋರೇಜ್‌ಗೆ. ನೇಟಿವ್ ವಿಲ್ಯಾನ್ (ಟ್ಯಾಗ್ ಇಲ್ಲದ ಫ್ರೇಮ್ ಸೇರೋ ವಿಲ್ಯಾನ್) 999, ಅದರಲ್ಲಿ ಯಾರೂ ಇರಲ್ಲ. ಟ್ಯಾಗ್ ಬಿಟ್ಟು ಬಂದ ಫ್ರೇಮ್ ಅಲ್ಲೇ ಸತ್ತುಹೋಗಲಿ ಅಂತ.

ಇಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ಳೋದು. ಇನ್‌ಸ್ಟಾಲರ್ ಸಾಮಾನ್ಯವಾಗಿ ಐಪಿಯನ್ನ ಒಂದೇ ಕಾರ್ಡ್ ಮೇಲಿನ ಬ್ರಿಡ್ಜ್‌ಗೆ (ಸರ್ವರ್ ಒಳಗಿನ ಸಾಫ್ಟ್‌ವೇರ್ ಸ್ವಿಚ್) ಟ್ಯಾಗ್ ಇಲ್ಲದೆ ಕೊಡುತ್ತೆ. ನೀವು ಸ್ವಿಚ್‌ನಲ್ಲಿ ಮೊದಲೇ ಟ್ರಂಕ್ (ಒಂದೇ ಪೋರ್ಟ್‌ನಲ್ಲಿ ಹಲವು ವಿಲ್ಯಾನ್) ಕಟ್ಟಿ, ನೇಟಿವ್ 999 ಮಾಡಿಟ್ಟಿದ್ದರೆ, ಇನ್‌ಸ್ಟಾಲ್ ಚೆನ್ನಾಗೇ ಮುಗಿಯುತ್ತೆ, ವೆಬ್ ಪೇಜ್ ಮಾತ್ರ ತೆರೆಯಲ್ಲ. ಸರ್ವರ್‌ನಲ್ಲಿ ಏನೂ ಕೆಟ್ಟಿರಲ್ಲ.

ಅದಕ್ಕೇ ಶೀಟ್‌ನಲ್ಲಿ ಎರಡು ಹಂತ. ಮೊದಲನೇ ಹಂತದಲ್ಲಿ ಸ್ವಿಚ್‌ನ ಪೋರ್ಟ್ 23 ಆಕ್ಸೆಸ್ (ಒಂದೇ ವಿಲ್ಯಾನ್, ಟ್ಯಾಗ್ ಇಲ್ಲ), ವಿಲ್ಯಾನ್ 10. ಪೋರ್ಟ್ 24 ಶಟ್‌ಡೌನ್. ಇನ್‌ಸ್ಟಾಲ್ ಮುಗಿಸಿ. ಎರಡನೇ ಹಂತದಲ್ಲಿ ಬಿಎಂಸಿ ಕನ್ಸೋಲ್‌ನಿಂದ ಸರ್ವರ್ ಒಳಗೆ ಹೋಗಿ ಬಾಂಡ್ (ಎರಡು ಪೋರ್ಟ್ ಸೇರಿಸಿ ಒಂದಾಗಿಸೋದು), ವಿಲ್ಯಾನ್ ಅವೇರ್ ಬ್ರಿಡ್ಜ್ (ಟ್ಯಾಗ್ ಅರಿಯೋ ಬ್ರಿಡ್ಜ್), ವಿಲ್ಯಾನ್ 10ರ ಐಪಿ ಬರೀರಿ. ಆಮೇಲೆ ಸ್ವಿಚ್ ಕಡೆ ಎರಡೂ ಪೋರ್ಟ್‌ಗೆ ಟ್ರಂಕ್ ಮತ್ತು ‘ಚಾನೆಲ್ ಗ್ರೂಪ್ 1 ಮೋಡ್ ಆ್ಯಕ್ಟಿವ್’, ಅಂದರೆ ಎಲ್‌ಎಸಿಪಿ (ಎರಡೂ ತುದಿ ಮಾತಾಡಿಕೊಂಡು ಪೋರ್ಟ್ ಸೇರಿಸೋ ಪದ್ಧತಿ). ಪೋರ್ಟ್ 24ರ ಶಟ್‌ಡೌನ್ ತೆಗೀರಿ. ‘ಮೋಡ್ ಆನ್’ ಬೇಡ. ಅದರಲ್ಲಿ ಕೇಬಲ್ ತಪ್ಪು ಜಾಗಕ್ಕೆ ಹೋದರೂ ಸ್ವಿಚ್ ತುಟಿಪಿಟಕ್ಕೆನ್ನದೆ ಟ್ರಾಫಿಕ್ ಕಳಿಸ್ತಾ ಇರುತ್ತೆ. ಎರಡು ಕೇಬಲ್ ಎರಡು ಬೇರೆ ಸ್ವಿಚ್‌ಗೆ ಹೋಗ್ತಿದ್ದರೆ, ಅವು ಸ್ಟ್ಯಾಕ್ ಆಗಿ ಒಂದೇ ಸ್ವಿಚ್‌ನಂತೆ ಇರಬೇಕು. ಇಲ್ಲದಿದ್ದರೆ ಎಲ್‌ಎಸಿಪಿ ಬಿಟ್ಟು ಆ್ಯಕ್ಟಿವ್-ಬ್ಯಾಕಪ್ (ಒಂದು ಕೆಲಸ ಮಾಡುತ್ತೆ, ಇನ್ನೊಂದು ಕಾದಿರುತ್ತೆ) ಸಾಕು.

ಅಂದಹಾಗೆ, ಬಿಎಂಸಿ ಕೇಬಲ್ ಹಾಕಿದ ಮೇಲೇ ಸರ್ವರ್‌ಗೆ ಪವರ್ ಕೊಡಿ. ಕೆಲವು ಬೋರ್ಡ್‌ಗಳಲ್ಲಿ ಆ ಪೋರ್ಟ್‌ನಲ್ಲಿ ಲಿಂಕ್ ಸಿಗದಿದ್ದರೆ ಬಿಎಂಸಿ ಮೊದಲನೇ ಲ್ಯಾನ್ ಪೋರ್ಟ್‌ಗೆ ಹಾರಿ ಕೂರುತ್ತೆ. ಸೆಟಿಂಗ್‌ನಲ್ಲಿ ‘ಡೆಡಿಕೇಟೆಡ್’ ಮಾಡಿಬಿಡಿ.

ಸ್ಪ್ಯಾನಿಂಗ್ ಟ್ರೀ, ಅಂದರೆ ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ತಡೆಯೋ ವ್ಯವಸ್ಥೆ. ‘ಪೋರ್ಟ್‌ಫಾಸ್ಟ್’ ಪೋರ್ಟನ್ನ ಕಾಯಿಸದೆ ತೆರೆಯುತ್ತೆ. ಬರೀ ‘ಪೋರ್ಟ್‌ಫಾಸ್ಟ್’ ಅಂದರೆ ಟ್ರಂಕ್ ಪೋರ್ಟ್‌ಗೆ ತಾಗಲ್ಲ, ‘ಪೋರ್ಟ್‌ಫಾಸ್ಟ್ ಟ್ರಂಕ್’ ಅನ್ನಬೇಕು. ಇಲ್ಲದಿದ್ದರೆ ಹಳೇ ಕ್ರಮದಲ್ಲಿ 15 ಸೆಕೆಂಡ್ ಲಿಸನಿಂಗ್, 15 ಸೆಕೆಂಡ್ ಲರ್ನಿಂಗ್. ಅಷ್ಟರಲ್ಲಿ ಪಿಎಕ್ಸ್ಇ ಬೂಟ್ (ನೆಟ್‌ವರ್ಕ್‌ನಿಂದ ಬೂಟ್ ಆಗೋದು) ಕೈಚೆಲ್ಲಿರಬಹುದು. ಬಿಪಿಡಿಯು (ಸ್ಪ್ಯಾನಿಂಗ್ ಟ್ರೀ ಸಂದೇಶ) ಬಂದರೆ ಪೋರ್ಟ್ ಮುಚ್ಚೋ ಬಿಪಿಡಿಯು ಗಾರ್ಡ್ ಹಾಕೋದು ಒಳ್ಳೇದೇ. ಆದರೆ ಒಳಗಿರೋ ಯಾವುದೋ ವರ್ಚುವಲ್ ಫೈರ್‌ವಾಲ್ ಒಂದು ಬಿಪಿಡಿಯು ಬಿಟ್ಟರೂ ಪೋರ್ಟ್ ಎರರ್ ಡಿಸೇಬಲ್ ಆಗಿ ಇಡೀ ಸರ್ವರೇ ಆಚೆ ಹೋಗುತ್ತೆ.

ಈಗ ಸ್ಕ್ರೀನ್ ನೋಡಿ. ‘ಶೋ ಇಂಟರ್‌ಫೇಸಸ್ ಟ್ರಂಕ್’. ಅಲೋಡ್ ಪಟ್ಟಿಯಲ್ಲಿ 10, 20, 30 ಮೂರೂ ಇವೆ. ಕೆಳಗಿನ ಆ್ಯಕ್ಟಿವ್ ಪಟ್ಟಿಯಲ್ಲಿ 10, 20 ಅಷ್ಟೇ. ಅಂದರೆ ವಿಲ್ಯಾನ್ 30ನ್ನ ಈ ಸ್ವಿಚ್‌ನಲ್ಲಿ ಸೃಷ್ಟಿಸಿಯೇ ಇಲ್ಲ. ಟ್ರಂಕ್‌ಗೆ ಹೆಸರು ಸೇರಿಸಿದ ಮಾತ್ರಕ್ಕೆ ವಿಲ್ಯಾನ್ ಹುಟ್ಟಲ್ಲ. ಮುಂದೆ 40 ಬೇಕಾದಾಗ ‘ಅಲೋಡ್ ವಿಲ್ಯಾನ್ ಆ್ಯಡ್ 40’ ಅಂತ ಹೊಡೀರಿ. ‘ಆ್ಯಡ್’ ಮರೆತರೆ ಹಳೇ ಪಟ್ಟಿ ಪೂರ್ತಿ ಅಳಿಸಿ 40 ಒಂದೇ ಉಳಿಯುತ್ತೆ. ಅಪ್‌ಲಿಂಕ್ (ಉಳಿದ ನೆಟ್‌ವರ್ಕ್‌ಗೆ ಹೋಗೋ ಲಿಂಕ್) ಮೇಲೆ ಈ ಒಂದು ಪದ ಬಿಟ್ಟರೆ ಸಾಕು, ಆಫೀಸಿನ ಫೋನೆಲ್ಲ ನಿಮಗೇ ಬರುತ್ತೆ.

‘ಶೋ ಈಥರ್‌ಚಾನೆಲ್ ಸಮ್ಮರಿ’ಯಲ್ಲಿ ಎರಡೂ ಪೋರ್ಟ್ ಪಕ್ಕ ‘ಪಿ’ (ಗುಂಪಿಗೆ ಸೇರಿದೆ) ಇರಬೇಕು. ‘ಐ’ ಅಥವಾ ಸಣ್ಣ ‘ಎಸ್’ ಕಂಡರೆ ಸರ್ವರ್ ಬಾಂಡ್ ನೋಡಿ.

ಸ್ಟೋರೇಜ್‌ಗೆ ಎಂಟಿಯು 9000 ಇಟ್ಟಿದ್ದರೆ, ಪಿಂಗ್‌ನಲ್ಲಿ ಫ್ರ್ಯಾಗ್ಮೆಂಟ್ ಆಗದಂತೆ ಮಾಡಿ 8972 ಬೈಟ್ ಕಳಿಸಿ. ಉಳಿದ 28 ಬೈಟ್ ಐಪಿ ಮತ್ತು ಐಸಿಎಂಪಿ ಹೆಡರ್‌ಗೆ. ಸಾದಾ ಪಿಂಗ್ ಹೋಗಿ ಇದು ಹೋಗದಿದ್ದರೆ ಮಧ್ಯದಲ್ಲೆಲ್ಲೋ 1500 ಉಳಿದಿದೆ.

ಸ್ವಿಚ್ ದೂರದಲ್ಲಿದ್ದು ಎಸ್ಎಸ್ಎಚ್‌ನಲ್ಲೇ ಕೆಲಸ ಮಾಡೋದಾದರೆ, ಶುರು ಮಾಡೋ ಮೊದಲು ‘ರೀಲೋಡ್ ಇನ್ 10’ ಕೊಡಿ. ಲಿಂಕ್ ಕಳಕೊಂಡರೆ ಹತ್ತು ನಿಮಿಷಕ್ಕೆ ಸ್ವಿಚ್ ರೀಬೂಟ್ ಆಗಿ, ಸೇವ್ ಮಾಡಿಟ್ಟ ಹಳೇ ಕಾನ್ಫಿಗ್‌ನಲ್ಲಿ ಎದ್ದು ಬರುತ್ತೆ. ಉಳಿದವರ ಟ್ರಾಫಿಕ್ ಕೂಡ ಬೀಳುತ್ತೆ, ಹಾಗಾಗಿ ಕೆಲಸದ ಹೊತ್ತಲ್ಲಿ ಬೇಡ. ಎಲ್ಲ ಸರಿ ಇದ್ದರೆ ಮೊದಲು ‘ರೀಲೋಡ್ ಕ್ಯಾನ್ಸಲ್’, ಆಮೇಲೆ ‘ರೈಟ್ ಮೆಮೊರಿ’.