ನವಿಲಿನ ಗರಿಗೆ ನೂಲಿನ ದಿಕ್ಕು

ಕೇಳುಗರೇ, ನಮಸ್ಕಾರ.

ಭರತನಾಟ್ಯದ ರಂಗಪ್ರವೇಶಕ್ಕೆ ಮಗಳ ರವಿಕೆಯ ಬೆನ್ನಿನ ಮೇಲೊಂದು ನವಿಲು ಬೇಕೆಂದು ಎಷ್ಟೋ ತಾಯಂದಿರು ಮೊಬೈಲಿನಲ್ಲಿ ಚಿತ್ರ ತೋರಿಸುತ್ತ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಗೆ ಹೋಗುತ್ತಾರೆ. ಚಿತ್ರ ಕೊಟ್ಟರೆ ಸಾಕು, ಯಂತ್ರವೇ ಹೊಲಿದುಕೊಡುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಆದರೆ ಯಂತ್ರ ಚಿತ್ರವನ್ನು ಓದಲಾರದು. ಸೂಜಿ ಎಲ್ಲಿ ಇಳಿಯಬೇಕು, ಬಟ್ಟೆ ಬಿಗಿದ ಚೌಕಟ್ಟು ಎತ್ತ ಎಷ್ಟು ಸರಿಯಬೇಕು, ನೂಲು ಎಲ್ಲಿ ಕತ್ತರಿಸಬೇಕು, ಬಣ್ಣ ಯಾವಾಗ ಬದಲಾಗಬೇಕು ಎಂಬ ಆಜ್ಞೆಗಳಷ್ಟೇ ಅದಕ್ಕೆ ತಿಳಿಯುತ್ತವೆ. ಚಿತ್ರವನ್ನು ಈ ಆಜ್ಞೆಗಳ ಸಾಲಾಗಿಸುವ ಕೆಲಸವೇ ಡಿಜಿಟೈಸಿಂಗ್. ಉಡುಪಿನ ಚೆಲುವು ಬಹುಮಟ್ಟಿಗೆ ನಿರ್ಧಾರವಾಗುವುದು ಅಲ್ಲಿಯೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಈ ಕೆಲಸ ಕಂಪ್ಯೂಟರಿಗಿಂತ ಹಳೆಯದು. ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ 1863ರಲ್ಲಿ ಶಿಫ್ಲಿ ಎಂಬ ಎಂಬ್ರಾಯ್ಡರಿ ಯಂತ್ರವನ್ನು ರೂಪಿಸಿದರು. ಮುಂದೆ ಅಂಥ ಯಂತ್ರಗಳು ರಂಧ್ರ ಕೊರೆದ ಪಟ್ಟಿಗಳನ್ನು ಓದಿ ನಡೆಯತೊಡಗಿದಾಗ, ಚಿತ್ರವನ್ನು ಹಿಗ್ಗಿಸಿ ಬರೆದುಕೊಂಡು ಹೊಲಿಗೆ ಹೊಲಿಗೆಗೂ ಸ್ಥಾನ ಗುರುತಿಸುವ ಕುಶಲಿಗಳು ಬೇಕಾದರು. ಇಂದಿನ ಡಿಜಿಟೈಸರ್ ಅವರ ಉತ್ತರಾಧಿಕಾರಿ.

ನವಿಲನ್ನೇ ತೆಗೆದುಕೊಳ್ಳೋಣ. ಅದರ ಸಪೂರವಾದ ಕೊರಳಿಗೆ ಒಂದಂಚಿನಿಂದ ಇನ್ನೊಂದಂಚಿಗೆ ಹಾಯುವ ಸ್ಯಾಟಿನ್ ಹೊಲಿಗೆ ಒಪ್ಪುತ್ತದೆ. ಅಗಲವಾದ ಎದೆಗೆ ಅದೇ ಹೊಲಿಗೆ ಹಾಕಿದರೆ ಉದ್ದುದ್ದ ನೂಲುಗಳು ಬಳೆಗೆ, ಸರಕ್ಕೆ ಸಿಕ್ಕಿ ಎಳೆದು ಬರುತ್ತವೆ. ಅಲ್ಲಿ ಚಿಕ್ಕ ಹೊಲಿಗೆಗಳನ್ನು ಸಾಲುಸಾಲಾಗಿ ತುಂಬುವ ಟಟಾಮಿ ಬೇಕು. ಗರಿಗಳದ್ದೇ ನಿಜವಾದ ಪರೀಕ್ಷೆ. ರೇಯಾನ್ ನೂಲಾಗಲಿ, ಪಾಲಿಯೆಸ್ಟರ್ ನೂಲಾಗಲಿ, ಬೆಳಕನ್ನು ತಾನು ಮಲಗಿದ ದಿಕ್ಕಿಗೆ ತಕ್ಕಂತೆ ಹೊಳೆಯಿಸುತ್ತದೆ. ಒಂದೇ ಹಸಿರು ನೂಲನ್ನು ಗರಿಗರಿಗೂ ಬೇರೆ ಕೋನದಲ್ಲಿ ಮಲಗಿಸಿದರೆ, ನರ್ತಕಿ ತಿರುಗಿದಂತೆಲ್ಲ ರಂಗದ ದೀಪದಲ್ಲಿ ಒಂದು ಗರಿ ಬೆಳಗಿ ಪಕ್ಕದ್ದು ಮಸುಕಾಗುತ್ತದೆ, ಮರುಕ್ಷಣ ಅದು ಅದಲುಬದಲಾಗುತ್ತದೆ. ಎಲ್ಲವನ್ನೂ ಒಂದೇ ಕೋನದಲ್ಲಿ ತುಂಬಿದರೆ, ಎಷ್ಟು ಬಣ್ಣ ಹಾಕಿದರೂ ಅದು ಬಟ್ಟೆಗೆ ಅಂಟಿಸಿದ ತೇಪೆಯಂತೆಯೇ ಕಾಣುತ್ತದೆ. ತಂತ್ರಾಂಶದ ಸ್ವಯಂಚಾಲಿತ ಪರಿವರ್ತನೆಯನ್ನು ಕಣ್ಣು ಮುಚ್ಚಿ ಒಪ್ಪಿದಲ್ಲಿ ಸಾಮಾನ್ಯವಾಗಿ ಆಗುವುದು ಇದೇ.

ಇನ್ನು ಎಳೆತದ ವಿಷಯ. ಬಿಗಿದ ನೂಲು ಬಟ್ಟೆಯನ್ನು ಒಳಕ್ಕೆ ಎಳೆಯುವುದರಿಂದ, ಪರದೆಯ ಮೇಲೆ ದುಂಡಗಿದ್ದ ಗರಿಯ ಕಣ್ಣು ಬಟ್ಟೆಯ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆದುದರಿಂದ ಬಲ್ಲ ಡಿಜಿಟೈಸರ್ ಹೊಲಿಗೆ ಸಾಗುವ ದಿಕ್ಕಿನಲ್ಲಿ ಆಕಾರವನ್ನು 0.2ರಿಂದ 0.4 ಮಿಲಿಮೀಟರಿನಷ್ಟು ಬೇಕೆಂದೇ ಹಿಗ್ಗಿಸಿರುತ್ತಾರೆ, ಮೇಲಿನ ಹೊಲಿಗೆಗೆ ಮೊದಲು ವಿರಳವಾದ ಅಡಿಹೊಲಿಗೆ ಹಾಕಿ ಬಟ್ಟೆಯನ್ನು ಕೆಳಗಿನ ಬ್ಯಾಕಿಂಗ್ ಪೇಪರಿಗೆ ಹಿಡಿಸಿರುತ್ತಾರೆ. ಸಾಮಾನ್ಯ ನೂಲಿಗೆ ಸಾಲುಗಳ ನಡುವೆ ಸುಮಾರು 0.4 ಮಿಲಿಮೀಟರ್ ಅಂತರ ಹೊಂದುತ್ತದೆ. ಜರಿ ನೂಲು ಒರಟಾದುದರಿಂದ ಅಂತರವೂ ಹೆಚ್ಚಬೇಕು, ಯಂತ್ರದ ವೇಗವೂ ತಗ್ಗಬೇಕು. ರೇಷ್ಮೆಯಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಉಳಿದೇಬಿಡುತ್ತದೆ ಎಂಬುದನ್ನು ನೆನೆದರೆ ಈ ಎಚ್ಚರಿಕೆಗಳ ಬೆಲೆ ತಿಳಿಯುತ್ತದೆ.

ಹೊಲಿಗೆಯ ಕಡತವನ್ನು ಹಿಗ್ಗಿಸುವುದು ಕುಗ್ಗಿಸುವುದೂ ಸುಲಭವಲ್ಲ. ಯಂತ್ರಗಳು ಸಾಮಾನ್ಯವಾಗಿ ಓದುವ ಡಿಎಸ್‌ಟಿ ಕಡತದಲ್ಲಿ ಹೊಲಿಗೆಗಳಿರುತ್ತವೆಯೇ ಹೊರತು ಆಕಾರಗಳಿರುವುದಿಲ್ಲ. ಬಣ್ಣ ಬದಲಿಸಲು ನಿಲ್ಲುವ ಸೂಚನೆ ಇರುತ್ತದೆ, ಬಣ್ಣದ ಹೆಸರಿರುವುದಿಲ್ಲ. ದೊಡ್ಡವರ ರವಿಕೆಗೆ ಮಾಡಿದ ನವಿಲನ್ನು ಹಾಗೆಯೇ ಅರ್ಧಕ್ಕೆ ಇಳಿಸಿ ಮಗುವಿನ ರವಿಕೆಗೆ ಹಾಕಿದರೆ ಹೊಲಿಗೆಗಳು ಒತ್ತೊತ್ತಾಗಿ ಬಟ್ಟೆ ಗಡುಸಾಗುತ್ತದೆ, ಸೂಜಿಯೂ ಮುರಿಯಬಹುದು. ಚಿಕ್ಕದಕ್ಕೆ ಮೂಲ ವಿನ್ಯಾಸದಿಂದ ಬೇರೆಯೇ ಕಡತ ಮಾಡಿಸಬೇಕು, ಅದಕ್ಕೆ ನ್ಯಾಯವಾದ ಕೂಲಿಯನ್ನೂ ಕೊಡಬೇಕು.

ಧಾರವಾಡ ಸೀಮೆಯ ಕಸೂತಿಯ ಮಾತು ಬೇರೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಹಾಕುತ್ತಾರೆ. ಗವಂತಿಯಂತೂ ಎರಡೂ ಬದಿಗೆ ಒಂದೇ ತೆರನಾಗಿ ಕಾಣುತ್ತದೆ. ಗೋಪುರ, ರಥ, ತುಳಸಿಕಟ್ಟೆಗಳ ಹೊರರೂಪವನ್ನು ಯಂತ್ರ ಅನುಕರಿಸಬಲ್ಲದು, ಆದರೆ ಬಟ್ಟೆಯನ್ನು ಮಗುಚಿದರೆ ಯಂತ್ರ ಅಡಿಯಿಂದ ಹಾಕುವ ಬಾಬಿನ್ ನೂಲು ಕಾಣುತ್ತದೆ. ಅಂಥ ಸೀರೆಯನ್ನು ಕೈಕಸೂತಿಯೆಂದು ಮಾರುವುದು ತಿಂಗಳುಗಟ್ಟಲೆ ಕುಳಿತು ಕಣ್ಣು ಸವೆಸುವ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ.

ನಾಟ್ಯದ ಉಡುಪು ಮಾಡಿಸುವವರು ಎರಡು ವಿಷಯ ಗಮನಿಸಬೇಕು. ರವಿಕೆಯನ್ನು ಹೊಲಿದ ಮೇಲೆ ಎಂಬ್ರಾಯ್ಡರಿಗೆ ಕೊಡಬೇಡಿ. ಇನ್ನೂ ಕತ್ತರಿಸದ ರವಿಕೆಯ ಬಟ್ಟೆಯ ಮೇಲೆ ದರ್ಜಿಯಿಂದ ಕೊರಳು, ತೋಳು, ಮೈಗೆ ಹೊಂದಲು ಮಡಿಸಿ ಹೊಲಿಯುವ ಡಾಟುಗಳ ಗುರುತು ಹಾಕಿಸಿ, ಎಂಬ್ರಾಯ್ಡರಿ ಮುಗಿದ ಬಳಿಕ ಕತ್ತರಿಸಿ. ಹಾಗೆಯೇ, ಅದೇ ರೇಷ್ಮೆಯ ತುಂಡಿನ ಮೇಲೆ ಅದೇ ನೂಲಿನಲ್ಲಿ ಒಂದು ಗರಿಯ ಮಾದರಿಯನ್ನು ಕೇಳಿ ಪಡೆಯಿರಿ. ಆ ಮಾದರಿಯನ್ನು ಮೇಜಿನ ಮೇಲಿಟ್ಟು ನೋಡದೆ, ಯಾರಾದರೂ ಬೆನ್ನಿಗೆ ಹಿಡಿದು ದೀಪದ ಕೆಳಗೆ ತಿರುಗಲಿ. ನೀವು ಸಭಾಂಗಣದ ಪ್ರೇಕ್ಷಕರು ಕೂರುವಷ್ಟು ದೂರದಲ್ಲಿ ನಿಂತು ನೋಡಿ ಒಪ್ಪಿಗೆ ಕೊಡಿ.

ನಮಸ್ಕಾರ.